ಹಾಲು ಕುಡಿಯುವ ಕುರಿಮರಿಗಳಿಗೆ ಕೈತಿಂಡಿ

ಕುರಿಮರಿಯು ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ತಾಯಿಯ ಹಾಲಿನಿಂದಲೇ ಚೆನ್ನಾಗಿ ಬೆಳೆಯುತ್ತದೆ. ಒಂದು ಕಿಲೋ ಮೈತೂಕ ಏರಬೇಕಾದರೆ ಅದಕ್ಕೆ ಸುಮಾರು 5 ಲೀಟರು ಹಾಲು ಬೇಕು. ಆದರೆ ಈದ 3-4ನೆಯ ವಾರದ ಹೊತ್ತಿಗೆ ತಾಯಿಯ ಹಾಲು ತುತ್ತತುದಿಯನ್ನು ಮುಟ್ಟಿ ಬಳಿಕ ಇಳಿಯತೊಡಗುತ್ತದೆ. ಮರಿಯ ಹಸಿವಾದರೋ ದಿನದಿನಕ್ಕೆ ಏರುತ್ತ ಹೋಗುತ್ತದೆ. ತಿಂಗಳವರೆಗೆ ಪುಷ್ಟಿಯಾಗಿದ್ದ ಮರಿಯು ಆಮೇಲೆ ಏಳಿಗೆಯಿಲ್ಲದೆ ನಿಂತುಬಿಡುವುದಕ್ಕೆ, ರೋಗವೇನೂ ಇಲ್ಲದ ಪಕ್ಷದಲ್ಲಿ, ಬಹುಮಟ್ಟಿಗೆ ಇದೇ ಕಾರಣ. ಹಾಲಿಲ್ಲದ ಕೆಚ್ಚಲನ್ನು ಮರಿಯು ಗುದ್ದುತ್ತಿದ್ದರೆ ತಾಯಿಯೂ ಸೊರಗುವುದು.

ಈ ಕೊರತೆಯನ್ನು ತುಂಬುವ ಕೈತಿಂಡಿಯನ್ನು ಹಸಿವು ಕಂಡ ಮೇಲೆ ಆರಂಭಿಸಿದರೆ ತಡವಾಗುತ್ತದೆ. ಹುಟ್ಟಿದ ಮರಿಯ ಮೆಲುಕುಹೊಟ್ಟೆಯು ಚಿಕ್ಕದು, ಅದರ ಒಳಗೋಡೆ ನುಣುಪಾದುದು. ಕುಡಿದ ಹಾಲು ಅದನ್ನು ಹಾಯದೆ ನೇರವಾಗಿ ನಾಲ್ಕನೆಯ ಹೊಟ್ಟೆಗೆ ಹೋಗುವುದರಿಂದ ಹಾಲು ಅದನ್ನು ಬೆಳೆಸಲಾರದು. ಕಾಳಿನ ನುಚ್ಚು ಅಲ್ಲಿ ಸೂಕ್ಷ್ಮಜೀವಿಗಳಿಂದ ಹುಳಿತಾಗ ಹುಟ್ಟುವ ಆಮ್ಲಗಳೇ ಆ ಗೋಡೆಯಲ್ಲಿ ಸಾರ ಹೀರುವ ಸಣ್ಣ ಎಸಳುಗಳನ್ನು ಬೆಳೆಸುತ್ತವೆ. ಸೊಪ್ಪು ಹುಲ್ಲುಗಳು ಹೊಟ್ಟೆಯ ಗಾತ್ರವನ್ನು ಹಿಗ್ಗಿಸುತ್ತವೆ. ಆದಕಾರಣ 10-15 ದಿನಗಳ ಮರಿಯು ಹಿಡಿಯಷ್ಟನ್ನೂ ತಿನ್ನದೆ ಬರಿದೆ ಮೂಸಿ ನೆಕ್ಕಿದರೂ ಅದು ವ್ಯರ್ಥವಲ್ಲ.

ಬಯಲುಸೀಮೆಯಲ್ಲಿ ಹಿಂಡನ್ನು ಮೇಯಲು ಹೊಡೆದಾಗ ಎಳೆಮರಿಗಳನ್ನು ರೊಪ್ಪದಲ್ಲಿಯೋ ಮಂಕರಿಯ ಕೆಳಗೋ ಬಿಟ್ಟುಹೋಗುವ ವಾಡಿಕೆಯುಂಟು. ಆ ಹೊತ್ತೇ ಕೈತಿಂಡಿಗೆ ತಕ್ಕ ಸಮಯ. ತಾಯಿಗಳೂ ಜೊತೆಯಲ್ಲಿರುವ ಕಡೆ ಬಿದಿರ ತಡಿಕೆಯಿಂದ ಒಂದು ಮೂಲೆಯನ್ನು ಮರೆಮಾಡಿ, ಮರಿ ನುಸುಳುವಷ್ಟು, ತಾಯಿ ನುಗ್ಗಲಾರದಷ್ಟು ಸಂದು ಬಿಡತಕ್ಕದ್ದು. ಸಂದಿನ ಅಳತೆಯನ್ನು ಹಿಂಡಿನ ಮರಿಗಳನ್ನೇ ನೋಡಿ ನಿಶ್ಚಯಿಸುವುದು ಲೇಸು. ಬನ್ನೂರು ಮರಿಗೂ ಬಳ್ಳಾರಿ ಮರಿಗೂ ಒಂದೇ ಅಳತೆ ಸಲ್ಲದು.

ಮುಸುಕಿನ ಜೋಳದ ನುಚ್ಚು 50, ಕಡಲೆಕಾಯಿ ಹಿಂಡಿ 25, ಗೋಧಿ ಬೂಸ 22, ಖನಿಜ ಮಿಶ್ರಣ 2, ಉಪ್ಪು 1, ಹೀಗೆ ನೂರು ಭಾಗಗಳನ್ನು ಬೆರೆಸಿದರೆ ನೂರಕ್ಕೆ ಸುಮಾರು 18ರಷ್ಟು ಸಸಾರಜನಕವುಳ್ಳ ದಾಣಿಯಾಗುವುದು. ಬೂಷ್ಟು ಹಿಡಿದ ಹಿಂಡಿಯು ವಿಷಸಮಾನ. ತಾಮ್ರ ಹೆಚ್ಚಾಗಿರುವ ದನಗಳ ಖನಿಜ ಮಿಶ್ರಣವು ಕುರಿಗಳಿಗೆ ಅಪಾಯಕರವಾದುದರಿಂದ ಕುರಿಗಳಿಗೆಂದೇ ಮಾಡಿದುದನ್ನು ಕೊಳ್ಳಬೇಕು. ಬೂಸ ನುಚ್ಚುಗಳಲ್ಲಿ ರಂಜಕವು ಅಧಿಕ; ಅದಕ್ಕೆ ಎರಡರಷ್ಟು ಸುಣ್ಣದಂಶ ಸೇರದಿದ್ದರೆ ಟಗರುಮರಿಗಳಿಗೆ ಮೂತ್ರದ ಕಲ್ಲು ಕಟ್ಟಿಕೊಳ್ಳಬಹುದು. ಯೂರಿಯಾವನ್ನು ಈ ವಯಸ್ಸಿನಲ್ಲಿ ಸರ್ವಥಾ ಕೊಡಕೂಡದು. ದಾಣಿಯೊಡನೆ ಅಗಸೆ ಅಥವಾ ಹಾಲುವಾಣದ ಸೊಪ್ಪನ್ನು ಕಂತೆ ಕಟ್ಟಿ ಮರಿಯ ಬಾಯಿಗೆ ಎಟಕುವಂತೆ ತೂಗಹಾಕಬೇಕು. ಮರಿಗೆ ಮೊದಲು ದಿನಕ್ಕೆ 20-30 ಗ್ರಾಂ ದಾಣಿ ಸಾಕು. ಎರಡು ತಿಂಗಳಿಗೆ 150-200 ಗ್ರಾಂವರೆಗೆ ಏರಿಸಬಹುದು. ಉಳಿದುದನ್ನು ಪ್ರತಿದಿನ ತೆಗೆದು ತಾಯಿಗಳಿಗೆ ಹಾಕಬೇಕು. ಹಳಸಿದ ದಾಣಿಯನ್ನು ಮರಿ ಮುಟ್ಟದು.

ಏರಿಸುವಾಗ ಆತುರ ಸಲ್ಲದು. ಒಮ್ಮೆಗೇ ಹೊಟ್ಟೆ ಬಿರಿಯೆ ಕಾಳು ತಿಂದ ಮರಿ, ಅದರಲ್ಲಿಯೂ ಹಿಂಡಿನ ಅತಿ ಪುಷ್ಟವಾದ ಮರಿ, ಕರುಳುಬೇನೆಯಿಂದ ರಾತ್ರಿ ಕಳೆಯುವುದರೊಳಗೆ ಸಾಯುವುದುಂಟು. ಗಬ್ಬದ ಕುರಿಗೆ ಈಯುವ ಕೆಲವು ವಾರಗಳ ಮೊದಲೇ ಈ ಬೇನೆಯ ಲಸಿಕೆ ಹಾಕಿಸಿದರೆ ಗಿಣ್ಣುಹಾಲಿನ ಮೂಲಕ ಮರಿಗೂ ರಕ್ಷಣೆ ದೊರೆಯುತ್ತದೆ. ದೋಣಿಯೊಳಗೆ ಮರಿಗಳು ಹತ್ತಿ ಹಿಕ್ಕೆ ಹಾಕದಂತೆ ಅದರ ಮೇಲೆ ಅಡ್ಡಗಳುವನ್ನು ಕಟ್ಟತಕ್ಕದ್ದು. ಮರಿಗಳ ರಕ್ತಭೇದಿಯು ಹಿಕ್ಕೆ ಸೇರಿದ ಮೇವಿನಿಂದಲೇ ಹೆಚ್ಚಾಗಿ ಹರಡುವುದು.

ಖರ್ಚಿನ ವಿಷಯದಲ್ಲಿ ವಿವೇಚನೆ ಬೇಕು. ಮಳೆಗಾಲದ ಹಸುರಿನಲ್ಲಿ ಹಾಲು ತುಂಬಿದ ತಾಯಿಯ ಒಂಟಿಮರಿಗೆ ದಾಣಿ ಹಾಕಿದರೆ ಹಣ ಹಿಂದಿರುಗುವುದು ಸಂದೇಹ. ಅವಳಿ ಮರಿಗಳು, ಚೊಚ್ಚಲ ಕುರಿಯ ಮರಿಗಳು, ಬೇಸಗೆಯಲ್ಲಿ ಹುಟ್ಟಿದವು, ಇವುಗಳಿಗಾದರೋ ಕೈತಿಂಡಿ ಅವಶ್ಯಕ. ಹೀಗೆ ಬೆಳೆದ ಮರಿಯು ದಾಣಿ ಸೊಪ್ಪುಗಳನ್ನು ಕ್ರಮವಾಗಿ ತಿಂದು ಮೆಲುಕು ಹಾಕುತ್ತಿದ್ದರೆ ಸುಮಾರು 90 ದಿನಗಳಿಗೆ ಹಾಲು ಬಿಡಿಸಬಹುದು. ಬಿಡಿಸಿದ ಮೇಲೆಯೂ ಎರಡು ವಾರ ಅದೇ ದಾಣಿ, ಅದೇ ರೊಪ್ಪ ಇರಲಿ. ತಾಯಿಯನ್ನೇ ಬೇರೆ ಕಡೆಗೆ ಹೊಡೆಯತಕ್ಕದ್ದು.