ನಲವತ್ತು ಡಾಲರಿನ ಚೀಟಿಗೆ ಆರುನೂರರ ವಿಮೆ

ನ್ಯೂಜೆರ್ಸಿಯಲ್ಲಿ ಕೆಲಸದಲ್ಲಿದ್ದಾಗ ಈ ಅಂಕಣಕಾರನಿಗೆ ಅಂಚೆಚೀಟಿಯ ಚಟ ಮತ್ತೆ ಹತ್ತಿತು. ಭಾರತ 1948ರ ಆಗಸ್ಟ್ 15ರಂದು ಹೊರತಂದ ಗಾಂಧಿ ಚೀಟಿಗಳು ನಾಲ್ಕು: ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ, ಹತ್ತು ರೂಪಾಯಿ. ಅಚ್ಚಾದದ್ದು ಸ್ವಿಟ್ಜರ್‌ಲೆಂಡಿನಲ್ಲಿ. ಮೊದಲ ಮೂರು ಆಲ್ಬಮ್ ಸೇರಿದ್ದವು, ಹತ್ತು ರೂಪಾಯಿಯ ಜಾಗ ಮಾತ್ರ ಬಣಗುಡುತ್ತಿತ್ತು.

ಒಂದು ಆನ್‌ಲೈನ್ ಹರಾಜಿನಲ್ಲಿ ಅದು ಸಿಕ್ಕಿತು. ಸೀಲು ಬಿದ್ದದ್ದು, ಅಂಚಿನ ಎರಡು ಹಲ್ಲು ಮುರಿದದ್ದು. ಆತ 40 ಡಾಲರ್ ಕೂಗಿದ. ಕೊನೆಯ ಗಂಟೆಯಲ್ಲಿ ಇಬ್ಬರು ಅನಾಮಿಕರು ಪೈಪೋಟಿಗೆ ಬಿದ್ದು ಬೆಲೆಯನ್ನು 610ಕ್ಕೆ ಒಯ್ದರು. ಜಾತ್ರೆಯ ಸವಾಲಿನಲ್ಲಿ ನಿಂಬೆಹಣ್ಣಿಗೆ ಸಾವಿರಗಟ್ಟಲೆ ಕೂಗುವವನ ಮುಖವಾದರೂ ಕಾಣುತ್ತದೆ. ಇಲ್ಲಿ ಕಂಡದ್ದು ಇಷ್ಟೇ: ಅವರಲ್ಲೊಬ್ಬ ಅಲ್ಲಿಯವರೆಗೆ ಕೂಗಿದ್ದೆಲ್ಲ ಇದೇ ಮಾರಾಟಗಾರನ ಮಾಲಿಗೆ.

ಮರುದಿನ ಮಾರಾಟಗಾರನ ಸಂದೇಶ. ಗೆದ್ದವನು ಕೈಕೊಟ್ಟ, ನೇರವಾಗಿ ಹಣ ಕಳಿಸಿದರೆ 35ಕ್ಕೆ ಕೊಡುತ್ತೇನೆ. ಊರಿಗೆಲ್ಲ ಹಣದ ಬುದ್ಧಿ ಹೇಳುವ ಅಂಕಣಕಾರ ಕಳಿಸಿಯೇಬಿಟ್ಟ.

ಸುಳ್ಳು ಕೂಗು ಹೊಸದಲ್ಲ. 2000ದಲ್ಲಿ ಸ್ಯಾಕ್ರಮೆಂಟೊದ ವಕೀಲ ಕೆನೆತ್ ವಾಲ್ಟನ್ ಈಬೇಯಲ್ಲಿ ಹರಾಜಿಗಿಟ್ಟ ಚಿತ್ರವೊಂದು 25 ಸೆಂಟಿನಿಂದ ಶುರುವಾಗಿ 1,35,805 ಡಾಲರ್ ಮುಟ್ಟಿತು. ಅದು ಕಲಾವಿದ ರಿಚರ್ಡ್ ಡೀಬೆನ್‌ಕಾರ್ನ್‌ನದೆಂದು ನೋಡುಗರು ನಂಬಲಿ ಎಂದು ಮೂಲೆಯಲ್ಲಿ ಅವನ ಹೆಸರಿನ ಮೊದಲಕ್ಷರಗಳನ್ನು ಬರೆದವನು ವಾಲ್ಟನ್ನೇ. ಬೆಲೆ ಏರಿಸಲು ಅವನೂ ಅವನ ಗೆಳೆಯರೂ ಬೇರೆ ಬೇರೆ ಹೆಸರಲ್ಲಿ ಕೂಗಿದ್ದರು. ಈಬೇ ಮಾರಾಟ ರದ್ದುಮಾಡಿತು. ಮರುವರ್ಷ ವಾಲ್ಟನ್ ತಪ್ಪೊಪ್ಪಿಕೊಂಡ. ಅಲ್ಲಿ ಗುರಿ ಕೊಳ್ಳುವವನ ಜೇಬು.

ಇಲ್ಲಿ ಗುರಿ ಬೇರೆಯಿತ್ತು. ಚೀಟಿ ಕ್ಷೇಮವಾಗಿ ಬಂತು, ಹಿಂದೆಯೇ ಇನ್ನೊಂದು ಸಂದೇಶ: 'ಕವರು ಹರಿದು ಖಾಲಿ ಬಂತೆಂದು ಅಂಚೆಯವರಿಗೆ ಬರೆದುಕೊಡಿ. 600 ಡಾಲರಿಗೆ ವಿಮೆ ಮಾಡಿಸಿದ್ದೇನೆ. ಚೀಟಿ ನಿಮಗೇ ಇರಲಿ, 35 ವಾಪಸ್ ಕೊಡುತ್ತೇನೆ.'

ಬಿಟ್ಟಿ ಸಿಕ್ಕರೆ ಯಾರಿಗೆ ಬೇಡ? ಆ ರಾತ್ರಿ ಆತ ಸುಮ್ಮನೆ ಕೂತಿದ್ದನ್ನು ಕಂಡು ಹೆಂಡತಿ ಕೇಳಿದಳು: "ರೀ, ಆರುನೂರಕ್ಕೆ ವಿಮೆ ಮಾಡ್ಸೋನು ಮೂವತ್ತೈದಕ್ಕೆ ಯಾಕ್ರೀ ಕೊಟ್ಟ?"

ಆಗ ಗಂಟು ಬಿಚ್ಚಿತು. ಎಷ್ಟೇ ಮೊತ್ತಕ್ಕೆ ವಿಮೆ ಮಾಡಿಸಿದರೂ ಅಮೆರಿಕದ ಅಂಚೆ ಇಲಾಖೆ ವಸ್ತುವಿನ ನಿಜಬೆಲೆಗಿಂತ ಹೆಚ್ಚು ಕೊಡುವುದಿಲ್ಲ, ಬೆಲೆಗೆ ಪುರಾವೆ ಕೇಳುತ್ತದೆ. ಆನ್‌ಲೈನ್ ಮಾರಾಟದ ಮುದ್ರಿತ ಪ್ರತಿಯೂ ಪುರಾವೆಯೇ. ಆ ಇಬ್ಬರು ಅನಾಮಿಕರು ಕೂಗಿ ಕೂಗಿ ತಯಾರಿಸಿದ್ದು 610 ಡಾಲರಿನ ಒಂದು ರಸೀದಿಯನ್ನು. ವಿಮೆಯ ಕಂತಾದರೋ ಪುಡಿಗಾಸು. 1958ರಲ್ಲಿ ಆಭರಣ ವ್ಯಾಪಾರಿ ಹ್ಯಾರಿ ವಿನ್‌ಸ್ಟನ್ ನಮ್ಮ ಗೋಲ್ಕೊಂಡದ ಹೋಪ್ ವಜ್ರವನ್ನು ಸ್ಮಿತ್‌ಸೋನಿಯನ್ ಸಂಗ್ರಹಾಲಯಕ್ಕೆ ಕಳಿಸಿದ್ದು ರಿಜಿಸ್ಟರ್ಡ್ ಅಂಚೆಯಲ್ಲಿ. ತಗುಲಿದ್ದು 145.29 ಡಾಲರ್: ಅಂಚೆವೆಚ್ಚ 2.44, ಉಳಿದದ್ದೆಲ್ಲ ಹತ್ತು ಲಕ್ಷ ಡಾಲರಿನ ವಿಮೆಗೆ.

ಅಂಚೆ ವಂಚನೆಗೆ ಅಲ್ಲಿ 20 ವರ್ಷದವರೆಗೆ ಜೈಲು. 'ಖಾಲಿ ಬಂತು' ಎಂಬ ಹೇಳಿಕೆಯ ಕೆಳಗೆ ಬೀಳುತ್ತಿದ್ದದ್ದು ಅಂಕಣಕಾರನ ಸಹಿ. ಸಂದೇಶಗಳನ್ನೆಲ್ಲ ಲಗತ್ತಿಸಿ ಆತ ಅಂಚೆ ತನಿಖಾ ಇಲಾಖೆಗೆ ಬರೆದ. ವಾರದೊಳಗೆ ಮಾರಾಟಗಾರನ ಖಾತೆ ಮಾಯ. ಈ ಹತ್ತು ರೂಪಾಯಿ ಚೀಟಿಗೆ ನಕಲಿಗಳ ಕಾಟ ಹೆಚ್ಚು. ತನ್ನದನ್ನು ಪರಿಣತರಿಗೆ ತೋರಿಸುವ ಧೈರ್ಯ ಅವನಿಗೆ ಇನ್ನೂ ಬಂದಿಲ್ಲ.

ಎರಡು ತಿಂಗಳ ನಂತರ ಬೇರೆ ಯಾರೋ ಅಂಥದೇ ಚೀಟಿಯನ್ನು 450ಕ್ಕೆ ಇಟ್ಟಿದ್ದರು. ಕೆಳಗೆ ವಿವರಣೆ: 'ಇತ್ತೀಚೆಗೆ 610ಕ್ಕೆ ಹೋಗಿದೆ.'