ಹಿಟ್ಟಿನ ಚೀಲದ ಉಡುಪು

ಅಕ್ಕಿಯ ಮೂಟೆಯ ಬಾಯಿಯನ್ನು ಬಿಚ್ಚುವುದನ್ನು ನಮ್ಮಲ್ಲಿ ನೋಡದವರು ವಿರಳ. ಅನುಭವಸ್ಥನಾದ ಅಂಗಡಿಯವನು ಹೊಲಿಗೆಯ ಒಂದು ತುದಿಯಲ್ಲಿ ಸರಿಯಾದ ಎಳೆಯನ್ನು ಹಿಡಿದು ಎಳೆದನೆಂದರೆ ಇಡೀ ಹೊಲಿಗೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ಇನ್ನೊಂದು ತುದಿಯಿಂದ ಎಳೆದರೆ ಬಿಗಿದುಕೊಂಡು ಹಟ ಹಿಡಿಯುತ್ತದೆ. ಇದಕ್ಕೆ ಸರಪಣಿ ಹೊಲಿಗೆ ಎಂದು ಹೆಸರು. ಒಂದು ಕುಣಿಕೆಯೊಳಗಿಂದ ಮುಂದಿನ ಕುಣಿಕೆ ಹಾಯ್ದು ಬಂದಿರುತ್ತದೆ. ಕೊನೆಯ ಕುಣಿಕೆ ಕಳಚಿತೆಂದರೆ ಅದರ ಹಿಂದಿನದಕ್ಕೆ ಆಧಾರವಿಲ್ಲ. ನಮ್ಮ ಅಂಗಿಗಳ ಹೊಲಿಗೆ ಸಾಮಾನ್ಯವಾಗಿ ಹೀಗಿರುವುದಿಲ್ಲ. ಅಲ್ಲಿ ಮೇಲಿನ ದಾರವೂ ಕೆಳಗಿನ ದಾರವೂ ಬಟ್ಟೆಯ ನಡುವೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುವುದರಿಂದ, ಒಂದೆಡೆ ಕಡಿದರೂ ಉಳಿದ ಭಾಗ ನಿಲ್ಲುತ್ತದೆ. ಅಮೆರಿಕದ ಗ್ರಾಮೀಣ ಗೃಹಿಣಿಯರು ಒಂದು ಹೊಲಿಗೆಯನ್ನು ಬಿಚ್ಚಿ ಇನ್ನೊಂದನ್ನು ಹಾಕಿ, ಹಿಟ್ಟಿನ ಮತ್ತು ಕೋಳಿಮೇವಿನ ಚೀಲಗಳನ್ನು ಉಡುಪುಗಳನ್ನಾಗಿ ಮಾಡಿಕೊಂಡ ಸಂಗತಿಯನ್ನು ಈಗ ನೋಡೋಣ.

ಮೊದಲು ಅಲ್ಲಿ ಹಿಟ್ಟನ್ನು ಮರದ ಪೀಪಾಯಿಗಳಲ್ಲಿ ತುಂಬಿ ಸಾಗಿಸುತ್ತಿದ್ದರು. ಒಂದು ಪೀಪಾಯಿಗೆ 196 ಪೌಂಡು, ಅಂದರೆ ಸುಮಾರು 89 ಕಿಲೋಗ್ರಾಂ. ಕೈಹೊಲಿಗೆಯ ಚೀಲ ಅಷ್ಟು ಭಾರವನ್ನು ನಂಬಿಕೆಯಿಂದ ಹೊರಲಾರದು. 1846ರಲ್ಲಿ ಇಲಿಯಾಸ್ ಹೋವ್ ಎಂಬಾತನು ಹೊಲಿಗೆಯ ಯಂತ್ರಕ್ಕೆ ಹಕ್ಕುಪತ್ರ ಪಡೆದ ಮೇಲೆ ಗಟ್ಟಿಯಾದ ಚೀಲಗಳು ಸಾಧ್ಯವಾದವು. ಹಿಟ್ಟು ಸೋರದಂತೆ ಒತ್ತಾಗಿ ನೆಯ್ದ ಹತ್ತಿಯ ಬಟ್ಟೆ ಮನೆಗೆ ಬಂದಾಗ ಅದನ್ನು ಎಸೆಯಲು ಯಾವ ಗೃಹಿಣಿಗೆ ತಾನೇ ಮನಸ್ಸು ಬಂದೀತು? ತೊಡಕಿದ್ದುದು ಒಂದೇ: ಬಟ್ಟೆಯ ಮೇಲೆ ಗಿರಣಿಯ ಹೆಸರು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುತ್ತಿತ್ತು. ಅದನ್ನು ಅಳಿಸಲು ಕೊಬ್ಬು, ಸೀಮೆಎಣ್ಣೆ, ಸಾಬೂನುಗಳಿಂದ ನೆನೆಸಿ ಉಜ್ಜಬೇಕಾಗುತ್ತಿತ್ತು. 1920ರ ದಶಕದಲ್ಲಿ ಸೇಂಟ್ ಲೂಯಿಸ್ ನಗರದ ಜಾರ್ಜ್ ಪಿ. ಪ್ಲಾಂಟ್ ಗಿರಣಿಯು ತನ್ನ ‘ಗಿಂಗಮ್ ಗರ್ಲ್’ ಹಿಟ್ಟನ್ನು ಚೌಕಳಿಯ ಬಟ್ಟೆಯಲ್ಲಿಯೇ ತುಂಬಿ ಮಾರಿತು. 1929ರ ಆರ್ಥಿಕ ಕುಸಿತದ ನಂತರ ಹೂವು ಬಳ್ಳಿಗಳ ಚೀಲಗಳು ಬಹುವಾಗಿ ಬಳಕೆಗೆ ಬಂದವು. 100 ಪೌಂಡಿನ ಚೀಲವನ್ನು ಬಿಚ್ಚಿ ಹರಡಿದರೆ ಒಂದು ಗಜಕ್ಕಿಂತ ತುಸು ಹೆಚ್ಚು ಬಟ್ಟೆ. ಅಂಥ ಮೂರು ಚೀಲಗಳಲ್ಲಿ ಒಬ್ಬ ಹೆಂಗಸಿನ ಉಡುಪಾಗುತ್ತಿತ್ತು. ಗಂಡನು ಮೇವು ತರಲು ಹೊರಟಾಗ ಹೆಂಡತಿ ಬಟ್ಟೆಯ ತುಣುಕನ್ನು ಕೈಗಿತ್ತು ಅದೇ ವಿನ್ಯಾಸದ ಚೀಲವನ್ನು ಕೇಳಿ ತರಹೇಳುವುದು ಸಹಜವಾಗಿತ್ತು. ಕಾಗದದ ಚೀಲಗಳು ಬಂದು ಈ ಪದ್ಧತಿಯನ್ನು ಕೊನೆಗಾಣಿಸಿದವು. 1959ರ ಚೀಲಹೊಲಿಗೆಯ ಸ್ಪರ್ಧೆಗೆಂದು ಕ್ಯಾನ್ಸಾಸ್ ರಾಜ್ಯದಲ್ಲಿ ಹೊಲಿದ ಒಂದು ಉಡುಪು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ.

ಇಂಥ ಹಳೆಯ ಉಡುಪುಗಳನ್ನು ಹುಡುಕಿ ತೊಡುವವರು ಈಗಲೂ ಇದ್ದಾರೆ. ಬಟ್ಟೆಯ ಮೇಲೆ ಸಾಲಾಗಿ ಕಾಣುವ ದಪ್ಪ ಸೂಜಿಯ ರಂಧ್ರಗಳೇ ಅವರಿಗೆ ಗುರುತು. ಆದರೆ ಎಪ್ಪತ್ತು ಎಂಬತ್ತು ವರ್ಷ ಸವೆದ ಹತ್ತಿ ಇನ್ನೊಬ್ಬರ ಮೈಮೇಲೆ ಬಾಳೀತೇ? ಇದು ಭೌತಶಾಸ್ತ್ರದ ಪ್ರಶ್ನೆ.

ಹತ್ತಿಯ ಒಂದೊಂದು ನಾರಿನ ಉದ್ದ ಎರಡು ಮೂರು ಸೆಂಟಿಮೀಟರು ಮಾತ್ರ. ಇಂಥ ಗಿಡ್ಡ ನಾರುಗಳು ಸೇರಿ ಮಾರುದ್ದದ ನೂಲಾಗಿ ನಿಲ್ಲುವುದು ಅಂಟಿನಿಂದಲ್ಲ, ಘರ್ಷಣೆಯಿಂದ. ಬಾವಿಯ ಹಗ್ಗವನ್ನು ಕಂಬಕ್ಕೆ ಸುತ್ತಿ ಹಿಡಿಯುವುದನ್ನು ನೆನೆಯಿರಿ. ಘರ್ಷಣಾಂಕ 0.3 ಆದರೆ, ಒಂದು ಸುತ್ತಿಗೆ ನಮ್ಮ ಕೈಯ ಬಲದ ಆರೂವರೆ ಪಟ್ಟು ಭಾರವನ್ನು ತಡೆಯಬಹುದು. ಎರಡು ಸುತ್ತಿಗೆ ನಲವತ್ತು ಪಟ್ಟನ್ನು ಮೀರುತ್ತದೆ. ಮೂರು ಸುತ್ತಿಗೆ ಇನ್ನೂರ ಎಂಬತ್ತನ್ನು! ನೂಲಿನಲ್ಲಿ ಕಂಬವಿಲ್ಲ, ನಾರುಗಳೇ ಒಂದನ್ನೊಂದು ಸುತ್ತಿಕೊಂಡಿವೆ. ಎಳೆದಷ್ಟೂ ಅವು ಪರಸ್ಪರ ಒತ್ತಿಕೊಳ್ಳುತ್ತವೆ. ಆದುದರಿಂದ ವರ್ಷಗಳು ಕಳೆದ ಮಾತ್ರಕ್ಕೆ ಹುರಿ ಸಡಿಲಿಸಿ ನೂಲು ಬಿಚ್ಚಿಕೊಳ್ಳುವುದಿಲ್ಲ.

ಹಾಳಾಗುವುದು ನಾರಿನ ಒಳಗೆ. ನಾರು ಸೆಲ್ಯುಲೋಸಿನಿಂದಾದುದು, ಸಾವಿರಾರು ಗ್ಲೂಕೋಸ್ ಘಟಕಗಳು ಜೋಡಣೆಗೊಂಡ ಉದ್ದನೆಯ ಸರಪಳಿಗಳು ಅದರಲ್ಲಿವೆ. ಬಿಸಿಲಿನ ನೇರಳಾತೀತ ಕಿರಣಗಳು, ಬೆವರು, ಆಮ್ಲ, ಇಸ್ತ್ರಿಯ ಶಾಖ, ಇವೆಲ್ಲ ಆ ಸರಪಳಿಗಳನ್ನು ಮೆಲ್ಲಮೆಲ್ಲನೆ ತುಂಡರಿಸುತ್ತವೆ. ಬಣ್ಣ ಚೆನ್ನಾಗಿದ್ದರೂ ಬಟ್ಟೆ ಒಳಗೊಳಗೇ ಪೆಡಸಾಗಿರಬಹುದು. ಕಂಕುಳು, ಹೆಗಲು, ಬಹುಕಾಲ ಮಡಿಸಿಟ್ಟ ಗೆರೆ, ಇವು ಮೊದಲು ಸೋಲುತ್ತವೆ. ಮಡಿಕೆ ಚೂಪಾದಷ್ಟೂ ಅದರ ಹೊರಮೈಯ ನಾರುಗಳು ಹೆಚ್ಚು ಹಿಗ್ಗಬೇಕಾಗುತ್ತದೆ. ಆದುದರಿಂದ ಪೆಟ್ಟಿಗೆಯಲ್ಲಿಟ್ಟರೆ ಉಳಿಯಿತೆಂದು ಭಾವಿಸುವುದು ಸರಿಯಲ್ಲ. ಮಡಿಕೆಯೊಳಗೆ ಬಟ್ಟೆಯ ಸುರುಳಿಯೊಂದನ್ನು ಇಡಬೇಕು. ಗಟ್ಟಿಯಾಗಿರುವ ಉಡುಪನ್ನು ಆಗಾಗ ತೊಡುವುದೇ ಲೇಸೆಂದು ನನ್ನ ಅಭಿಪ್ರಾಯ. ತೊಡಲೆಂದೇ ಅಲ್ಲವೇ ಅದನ್ನು ಹೊಲಿದುದು?

ಒಗೆಯುವಾಗ ಎಚ್ಚರ ಬೇಕು. ಒಳ್ಳೆಯ ಹತ್ತಿಗೆ ಒಂದು ವಿಶೇಷ ಗುಣವುಂಟು: ನೆನೆದಾಗ ಅದರ ಬಲ ಕುಗ್ಗುವ ಬದಲು ಹತ್ತರಿಂದ ಇಪ್ಪತ್ತು ಶೇಕಡ ಏರುತ್ತದೆ. ರೇಯಾನಿನ ನಡತೆ ಇದಕ್ಕೆ ತದ್ವಿರುದ್ಧ. ಆದರೆ ಸರಪಳಿಗಳು ಬಹಳವಾಗಿ ತುಂಡಾದ ಹತ್ತಿಯಲ್ಲಿ ಈ ಲಾಭ ಉಳಿಯುವುದಿಲ್ಲ. ಮೇಲಾಗಿ ನೆನೆದ ಉಡುಪು ತನ್ನ ತೂಕಕ್ಕಿಂತ ಹೆಚ್ಚು ನೀರನ್ನು ಹೊತ್ತಿರುತ್ತದೆ. ಹಗ್ಗಕ್ಕೆ ತೂಗುಹಾಕಿದರೆ ಆ ಭಾರವೆಲ್ಲ ಹೆಗಲಿನ ಕೆಲವೇ ನೂಲುಗಳ ಮೇಲೆ ಬೀಳುತ್ತದೆ. ಹಿಂಡದೆ, ನೆರಳಿನಲ್ಲಿ, ಒಣ ಬಟ್ಟೆಯೊಂದರ ಮೇಲೆ ಹರಡಿ ಒಣಗಿಸಬೇಕು.

ಹರಿದ ಕಡೆ ತೇಪೆಯ ಅಂಚನ್ನು ಮಾತ್ರ ಹೊಲಿದರೆ ಎಳೆತವೆಲ್ಲ ಅಂಚಿನ ಗೆರೆಗೆ ಕೂಡಿ ಬಟ್ಟೆ ಅಲ್ಲಿಯೇ ಮತ್ತೆ ಹರಿಯುತ್ತದೆ. ಉತ್ತರ ಕರ್ನಾಟಕದ ಹೆಂಗಸರು ಹಳೆಯ ಸೀರೆಗಳಿಂದ ಕೌದಿ ಹೊಲಿಯುವ ರೀತಿ ಇಲ್ಲಿ ಅನುಕರಣೀಯ. ಪದರಗಳನ್ನು ಒಂದರ ಮೇಲೊಂದು ಹಾಸಿ, ಉದ್ದಕ್ಕೂ ಸಣ್ಣ ಹೊಲಿಗೆಯ ಸಾಲುಗಳನ್ನು ಹಾಕುವುದರಿಂದ ಭಾರ ನೂರಾರು ಹೊಲಿಗೆಗಳಿಗೆ ಹಂಚಿಹೋಗುತ್ತದೆ. ಉಡುಪಿನ ಒಳಮೈಗೆ ತೆಳುವಾದ ಹತ್ತಿಬಟ್ಟೆಯನ್ನು ಹೀಗೆಯೇ ಕೂಡಿಸಬಹುದು. ದಾರ ಮಾತ್ರ ಹಳೆಯ ಬಟ್ಟೆಯ ನೂಲಿಗಿಂತ ಬಲಹೀನವಾಗಿರಬೇಕು. ಜಗ್ಗಿದಾಗ ದಾರ ಕಡಿದರೆ ಮತ್ತೆ ಹೊಲಿಯಬಹುದು.