ವಿಮಾನ ಬದಲಾವಣೆಯ ಬಿಡುವು: ವರ್ತಕರಿಗೊಂದು ಪಾಠ

ಯಸಳೂರು ಸೀಮೆಯ ಏಲಕ್ಕಿ ವರ್ತಕರು ಯುರೋಪಿಗೆ ತೆರಳುವಾಗ ದುಬೈಯಲ್ಲಿ ವಿಮಾನ ಬದಲಿಸುವುದುಂಟು. ಹಗಲಿನಲ್ಲಿ ಎಂಟು ಗಂಟೆಗೂ ಮೀರಿದ ಬಿಡುವು ದೊರೆತರೆ ಅದನ್ನು ಮಾರುಕಟ್ಟೆಯ ಅಧ್ಯಯನಕ್ಕೆ ವಿನಿಯೋಗಿಸಬಹುದು.

1. ನಿಲ್ದಾಣದಿಂದ ಹೊರಬರಲು ವೀಸಾ ಅಗತ್ಯ. 48 ಗಂಟೆಗಳ ಟ್ರಾನ್ಸಿಟ್ ವೀಸಾವನ್ನು ಪ್ರಯಾಣಕ್ಕೆ ಮುನ್ನವೇ ವಿಮಾನ ಸಂಸ್ಥೆಯ ಮೂಲಕ ಪಡೆಯತಕ್ಕದ್ದು.

2. ದುಬೈ ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ. ಮುಂದಿನ ವಿಮಾನಕ್ಕೆ ಮೂರು ಗಂಟೆ ಮೊದಲೇ ನಿಲ್ದಾಣಕ್ಕೆ ಮರಳುವಂತೆ ಲೆಕ್ಕ ಹಾಕಬೇಕು. ವಿಮಾನ ತಪ್ಪಿದರೆ ಖರೀದಿದಾರರ ಭೇಟಿಯೂ ತಪ್ಪೀತು.

3. ಊರೆಲ್ಲ ಸುತ್ತದೆ ದೇರಾದ ಸಾಂಬಾರ ಪೇಟೆಯೊಂದನ್ನೇ ನೋಡಿರಿ. 2009ರಲ್ಲಿ ಆರಂಭವಾದ ಮೆಟ್ರೋದ ಕೆಂಪು ಮಾರ್ಗದಲ್ಲಿ ಯೂನಿಯನ್ ನಿಲ್ದಾಣಕ್ಕೆ ಬಂದು, ಹಸಿರು ಮಾರ್ಗದಲ್ಲಿ ಅಲ್ ರಾಸ್ ತಲುಪಬಹುದು.

4. ಅಲ್ಲಿ ಏಲಕ್ಕಿಯ ಗಾತ್ರ, ಹಸಿರು ಬಣ್ಣ, ಮೂಲದೇಶ, ಕಿಲೋ ದರಗಳನ್ನು ಬರೆದಿಟ್ಟುಕೊಳ್ಳಿರಿ. ನಮ್ಮ ಪ್ರಬಲ ಸ್ಪರ್ಧಿಯಾದ ಗ್ವಾಟೆಮಾಲಾದ ಕಾಯಿಯೊಡನೆ ನಮ್ಮದನ್ನು ಹೋಲಿಸಿದಾಗ, ಒಣಗಿಸುವಿಕೆ ಹಾಗೂ ವಿಂಗಡಣೆಯಲ್ಲಿ ತಿದ್ದಿಕೊಳ್ಳಬೇಕಾದುದು ತಾನಾಗಿ ತಿಳಿಯುವುದು.